ಬಾಬು ಅವರ ದಾಡಿ ಮಷೀನು

(ಕಳಿಸದ ಕರಡು)

ಕನಮಡಿ, 9 ಜೂನ್ 2024, ರವಿವಾರ

ಮಾನ್ಯರೆ,

ಇದರೊಂದಿಗೆ ಒಂದು ದಾಡಿ ಮಷೀನನ್ನು ಕಳಿಸುತ್ತಿದ್ದೇನೆ. ಕೊಂಡದ್ದು ಕಳೆದ ವರ್ಷ ಎಪ್ರಿಲ್‌ನಲ್ಲಿ. ಬಳಕೆ ದಿನಕ್ಕೊಮ್ಮೆ, ಬೆಳಿಗ್ಗೆ ಐದೂವರೆಗೆ, ನಾಲ್ಕು ನಿಮಿಷ. ಒಂದು ತಿಂಗಳಿಂದ ಸದ್ದು ವಿಪರೀತವಾಗಿದೆ. ನಮ್ಮ ಬಚ್ಚಲಿನ ಬಾಗಿಲು ತಗಡಿನದು. ಒಳಗಿನ ಸದ್ದು ಓಣಿಗೆ ಕೇಳುತ್ತದೆ.

ಮಷೀನು ನನ್ನದು. ನನಗೆ ಇಪ್ಪತ್ತೊಂಬತ್ತು ವರ್ಷ. ಗದ್ದದ ಮೇಲೆ, ದವಡೆಯ ಎರಡೂ ಬದಿಗೆ ಕೂದಲು ಬರುತ್ತದೆ. ಒಂದು ದಿನ ಬಿಟ್ಟರೆ ಕೈಗೆ ಹತ್ತುತ್ತದೆ, ಎರಡು ದಿನ ಬಿಟ್ಟರೆ ಕಣ್ಣಿಗೆ. ಡಾಕ್ಟರರ ಗುಳಿಗೆ ಆರು ತಿಂಗಳಿಂದ ನಡೆದಿದೆ, ಗುಣ ಕಂಡಿಲ್ಲ. ಈ ಸಂಗತಿ ಅವ್ವನೊಬ್ಬಳಿಗೆ ಗೊತ್ತು. ಅಣ್ಣನಿಗೆ ಗೊತ್ತಿಲ್ಲ, ಅವನು ಐದಕ್ಕೆಲ್ಲ ತಿಕೋಟಾ ಬಸ್ ಸ್ಟ್ಯಾಂಡಿನ ತನ್ನ ಪಂಕ್ಚರ್ ಅಂಗಡಿಗೆ ಹೋಗಿಬಿಡುತ್ತಾನೆ. ಇದೇ ಮೂವತ್ತಕ್ಕೆ ಬಬಲೇಶ್ವರದಿಂದ ನನ್ನನ್ನು ನೋಡಲು ಬರುವವರಿದ್ದಾರೆ. ಆದ್ದರಿಂದ

*

ತಿಕೋಟಾ, 10 ಜೂನ್ 2024

ದಾದಾಸಾಬ ಅವರಿಗೆ, ನಮಸ್ಕಾರ.

ನಮ್ಮ ಅಣ್ಣ ಬಾಬು ಅವರ ದಾಡಿ ಮಷೀನನ್ನು ಕನಮಡಿಯಿಂದ ವಿಜಯಪುರಕ್ಕೆ ದಿನಾ ಟ್ರಿಪ್ ಹೊಡೆಯುವ ಅಮೋಘಿಯವರ ಜೀಪಿನಲ್ಲಿ ಕಳಿಸಿದ್ದೇನೆ. ನಿಮ್ಮ ರಿಪೇರಿ ಅಂಗಡಿಯ ಮುಂದೆ ‘ದೂರನ್ನು ಬರೆದು ಕೊಡಿ, ಬಾಯಿಂದ ಹೇಳಬೇಡಿ’ ಎಂಬ ಹಲಗೆ ಇದೆಯೆಂದು ಅವರು ಹೇಳಿದರು. ಅದಕ್ಕೇ ಈ ಪತ್ರ.

ದೂರು ಒಂದೇ: ಸದ್ದು. ಕತ್ತರಿಸುವುದರಲ್ಲಿ ತೊಂದರೆ ಇಲ್ಲ. ಚಾರ್ಜು ನಿಲ್ಲುತ್ತದೆ. ಪ್ರತಿ ರವಿವಾರ ಬ್ಲೇಡಿಗೆ ಒಂದು ಹನಿ ಎಣ್ಣೆ ಬಿಡಲಾಗುತ್ತದೆ, ನಲ್ಲಿಯ ನೀರಿನಲ್ಲಿ ತೊಳೆಯಲಾಗುತ್ತದೆ. ಕೆಳಗೆ ಬಿದ್ದಿಲ್ಲ.

ಮನೆ ತಿಕೋಟಾದಲ್ಲಿದ್ದರೂ ನಾನು ಕನಮಡಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮಷೀನನ್ನೂ ಉತ್ತರವನ್ನೂ ಅಮೋಘಿಯವರ ಕೈಯಲ್ಲಿ ಅಲ್ಲಿಗೇ ಕಳಿಸಬೇಕು. ತಿಕೋಟಾ ಸ್ಟ್ಯಾಂಡಿನಲ್ಲಿರುವ ಅಣ್ಣನ ಅಂಗಡಿಗೆ ಕೊಡಬೇಡಿ. ಅಲ್ಲಿ ಟೈರುಗಳ ನಡುವೆ ಕಳೆದುಹೋಗುತ್ತದೆ.

ಇಂತಿ,
ಆಮ್ರಪಾಲಿ

*

ಸೊಲ್ಲಾಪುರ ರಸ್ತೆ, ವಿಜಯಪುರ, 14 ಜೂನ್ 2024

ಆಮ್ರಪಾಲಿ ಬಾಯಿಯವರಿಗೆ ಸಲಾಂ.

ನನ್ನ ಕನ್ನಡ ಏಳನೇ ಇಯತ್ತೆಯದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಷೀನು ಬಿಚ್ಚಿದೆ. ಒಳಗೆ ಕುಸುಬಿ ಎಣ್ಣೆ. ಇದನ್ನು ಹಾಕಿದವರು ಯಾರು? ಕುಸುಬಿ ಎಣ್ಣೆ ರೊಟ್ಟಿ ಚಟ್ನಿಗೆ ಒಳ್ಳೆಯದು, ಬ್ಲೇಡಿಗಲ್ಲ. ಗಾಳಿ ತಾಗಿದರೆ ಒಣಗುತ್ತದೆ, ಒಣಗಿ ಅಂಟಾಗುತ್ತದೆ, ಆಮೇಲೆ ಬಾಗಿಲಿಗೆ ಬಳಿದ ವಾರ್ನಿಷಿನ ಹಾಗೆ ಕೂಡುತ್ತದೆ. ಹದಿನೆಂಟು ವರ್ಷ ಎಣ್ಣೆ ಗಿರಣಿಯಲ್ಲಿ ದುಡಿದವನು ನಾನು. ಕಣ್ಣು ಕಟ್ಟಿದರೂ ವಾಸನೆ ಹಿಡಿಯುತ್ತೇನೆ. ಎರಡು ತಾಸು ಸ್ಪಿರಿಟ್ಟಿನಲ್ಲಿ ನೆನೆಸಿ ಕೆರೆದೆ. ಹೊಲಿಗೆ ಮಷೀನಿಗೆ ಹಾಕುವ ಎಣ್ಣೆ ತನ್ನಿ. ತಿಂಗಳಿಗೆ ಒಂದು ಹನಿ ಸಾಕು.

ಇನ್ನೊಂದು. ಮೇಲಿನ ಜಾಳಿಯ ತೂತುಗಳಲ್ಲಿ ಅರಿಷಿಣ. ದಾಡಿ ಮಷೀನುಗಳಲ್ಲಿ ನಾನು ಸೋಪು ಕಂಡಿದ್ದೇನೆ, ತಂಬಾಕು ಕಂಡಿದ್ದೇನೆ, ಒಮ್ಮೆ ಒಂದು ಸಂಸಾರದಷ್ಟು ಇರುವೆ ಕಂಡಿದ್ದೇನೆ. ಅರಿಷಿಣ ಇದೇ ಮೊದಲು. ಪಕ್ಕದ ಗಾದಿ ಅಂಗಡಿಯ ಚಮನಸಾಬ ನೋಡಿ, “ಯಾವನೋ ಮದುಮಗ ಗಡಬಡಿ ಮಾಡ್ಯಾನ ದಾದಾ” ಎಂದ. ಬಾಬು ಅವರದು ಮದುವೆಯೇನು?

ಸದ್ದು ಇಲ್ಲ. ಮಷೀನು ಸರಿ ಇದೆ.

ಫೋನ್ ಮಾಡಬೇಡಿ. ಎತ್ತುವುದಿಲ್ಲ.

ದಾದಾಸಾಬ

*

ತಿಕೋಟಾ, 17 ಜೂನ್ 2024

ದಾದಾಸಾಬ ಅವರಿಗೆ,

ಎಣ್ಣೆಯ ವಿಷಯ ತಿಳಿಸಿದ್ದಕ್ಕೆ ಕೃತಜ್ಞಳು. ಮಷೀನಿನ ಜೊತೆ ಬಂದಿದ್ದ ಸೀಸೆ ಮುಗಿದ ಮೇಲೆ ಅಡುಗೆಮನೆಯ ಎಣ್ಣೆ ಬಳಕೆಯಾಗಿತ್ತು. ಇನ್ನು ಆಗುವುದಿಲ್ಲ. ಅರಿಷಿಣದ್ದು ಚಿಕ್ಕಪ್ಪನ ಮಗನ ಮದುವೆಯಲ್ಲಿ ಹತ್ತಿದ್ದು. ಅಣ್ಣನ ಮುಖಕ್ಕೂ ಬಳಿದಿದ್ದರು.

ಆದರೆ ಸದ್ದು ಹೋಗಿಲ್ಲ, ಮಷೀನನ್ನು ಮತ್ತೆ ಕಳಿಸುತ್ತಿದ್ದೇನೆ. ನೀವು ‘ಸದ್ದು ಇಲ್ಲ’ ಎಂದು ಬರೆದಿರುವುದು ನನಗೆ ಅರ್ಥವಾಗಲಿಲ್ಲ. ಆದ್ದರಿಂದ ಇನ್ನೊಮ್ಮೆ, ಸ್ಪಷ್ಟವಾಗಿ: ಚಾಲೂ ಮಾಡಿದ ಮೊದಲ ಹತ್ತು ಸೆಕೆಂಡು ನೊಣದ ಹಾಗೆ ಗುಂಯ್‌ಗುಡುತ್ತದೆ. ಆಮೇಲೆ ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ. ಚರ್ಮಕ್ಕೆ ಒತ್ತಿದರೆ ಇನ್ನೂ ಹೆಚ್ಚು. ಮೊನ್ನೆ ಪಕ್ಕದ ಮನೆಯ ರುದ್ರವ್ವ ನೀರಿಗೆ ಬಂದಾಗ ನನ್ನನ್ನು ಕೇಳಿದಳು: “ನಸುಕಿನ್ಯಾಗ ನಿಮ್ಮ ಬಚ್ಚಲದಾಗ ಮಿಕ್ಸರ್ ನಡೀತೈತಲ್ಲ ಬೇ, ಅಲ್ಲೇ ಚಟ್ನಿ ಅರೀತೀರೇನ?”

ಅಣ್ಣನಿಗೆ ಇದರಿಂದ ಬಹಳ ಕಿರಿಕಿರಿಯಾಗಿದೆ. ಮೂವತ್ತಕ್ಕೆ ಮನೆಗೆ ಜನ ಬರುತ್ತಾರೆ. ಅವರೆದುರು ಅವನ ಮುಖ ನೆಟ್ಟಗಿರಬೇಕು. ದಯವಿಟ್ಟು ಇಪ್ಪತ್ತೆಂಟರ ಒಳಗೆ ಮಷೀನು ನನ್ನ ಕೈಸೇರಲಿ. ಸೇರಲೇಬೇಕು.

ಆಮ್ರಪಾಲಿ

*

ವಿಜಯಪುರ, 1 ಜುಲೈ 2024

ಆಮ್ರಪಾಲಿ ಬಾಯಿಯವರಿಗೆ,

ಹಬ್ಬಕ್ಕೆ ಊರಿಗೆ ಹೋದವನು ವಾರ ತಡೆದು ಬಂದೆ. ಬಂದು ನೋಡಿದರೆ ಒಂಬತ್ತು ಮಿಕ್ಸರು, ನಾಲ್ಕು ಇಸ್ತ್ರಿ ಸಾಲಾಗಿ ಕೂತಿದ್ದವು. ಅಡುಗೆ ನಿಂತವರದು ಮೊದಲು, ದಾಡಿ ನಿಂತವರದು ಆಮೇಲೆ. ಇದು ನನ್ನ ಅಂಗಡಿಯ ರಿವಾಜು. ಗಂಡಸಿನ ಗಡ್ಡ ನಾಲ್ಕು ದಿನ ಬೆಳೆದರೆ ಯಾರೂ ಸಾಯುವುದಿಲ್ಲ. ಅಷ್ಟು ಅವಸರವಿದ್ದರೆ ಸ್ಟ್ಯಾಂಡಿನಲ್ಲಿ ಕಟಿಂಗ್ ಅಂಗಡಿಗಳಿವೆ. ಬಾಬು ಅವರ ಅಂಗಡಿಯಿಂದ ಎದ್ದು ಹೋಗಿ ಕೂತರೆ ಆಯಿತು.

ಮಷೀನು ಮೂರು ಸಲ ಹಚ್ಚಿ ನೋಡಿದೆ. ಸದ್ದು ಇಲ್ಲ. ನಡುಕ ಸ್ವಲ್ಪ ಇದೆ. ಹಳೇ ಮೋಟಾರಿಗೆ ಅಷ್ಟು ಇರುತ್ತದೆ.

ಬೋರಿನ ನೀರಿನಲ್ಲಿ ತೊಳೆಯುತ್ತೀರಿ. ನಿಮ್ಮ ಕಡೆಯ ನೀರು ಸವಳು. ಬ್ಲೇಡಿನ ಬುಡಕ್ಕೆ ಬಿಳೇ ಉಪ್ಪು ಕಟ್ಟಿತ್ತು, ಕೆರೆದು ತೆಗೆದೆ. ಕುಡಿಯುವ ನೀರಿನಲ್ಲಿ ತೊಳೆದು, ಬಟ್ಟೆ ಮೇಲೆ ಬೋರಲು ಹಾಕಿ ಒಣಗಿಸಿ. ಒದ್ದೆ ಇದ್ದಾಗ ಟೊಪ್ಪಿ ಮುಚ್ಚಬೇಡಿ.

ಬಾಬು ಅವರ ಕಿವಿ ಬಹಳ ಚುರುಕು ಎಂದು ಕಾಣುತ್ತದೆ.

ದಾದಾಸಾಬ

*

(ಕಳಿಸದ ಕರಡು)

ತಿಕೋಟಾ, 2 ಜುಲೈ 2024

ದಾದಾಸಾಬ ಅವರಿಗೆ,

ನಾಲ್ಕು ದಿನವಲ್ಲ, ಹದಿಮೂರು ದಿನ. ಅಷ್ಟೂ ದಿನ ಮಾಸ್ಕ್ ಹಾಕಿಕೊಂಡು ಗ್ರಂಥಾಲಯದಲ್ಲಿ ಕೂತೆ. ಹಳೆಯ ಪುಸ್ತಕದ ಧೂಳು ಆಗಿಬರುವುದಿಲ್ಲವೆಂದು ಕೇಳಿದವರಿಗೆಲ್ಲ ಹೇಳಿದೆ. ಶನಿವಾರ ಸಂಜೆಯ ಕೊನೆಯ ಟ್ರಿಪ್ಪಿನವರೆಗೆ ಅಮೋಘಿಯ ದಾರಿ ನೋಡಿದೆ. ಅವನು ದೂರದಿಂದಲೇ ಕೈ ಅಲ್ಲಾಡಿಸಿ ‘ಇಲ್ಲ’ ಎಂದ. ರವಿವಾರ ಬೆಳಿಗ್ಗೆ ಬ್ಲೇಡು ಹಿಡಿದೆ. ನನಗೆ ಬ್ಲೇಡು ಹಿಡಿದು ಗೊತ್ತಿಲ್ಲ. ಗದ್ದದ ಎಡಬದಿ ಒಂದು ಇಂಚು ಕೊಯ್ದಿತು.

ಬಬಲೇಶ್ವರದಿಂದ ನಾಲ್ವರು ಬಂದರು. ಹುಡುಗನ ಹೆಸರು ರಾಜಾರಾಮ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಹುಡುಗನ ಸೋದರತ್ತೆ ಹುಲಿಗೆವ್ವ ನನ್ನನ್ನು ಬಾಗಿಲ ಬೆಳಕಿಗೆ ಮುಖ ಮಾಡಿ ಕೂಡಿಸಿದರು.

“ಗದ್ದಕ್ಕ ಏನಾಗೇತಿ ಬೇ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ, “ಬೆಕ್ಕು ಪರಚೇತ್ರಿ” ಎಂದಳು.

“ನಿಮ್ಮ ಮನ್ಯಾಗ ಬೆಕ್ಕು ಎಲ್ಲೂ ಕಾಣವಲ್ದಲ್ಲ?”

“ಪರಚಿ ಓಡಿ ಹೋಗೇತ್ರಿ.”

“ಇಡೀ ಮೈ ಬಿಟ್ಟು ಗದ್ದಾನ ಆರಿಸಿಕೊಂಡೇತಿ ನೋಡು. ಜಾಣ ಬೆಕ್ಕು ಬಿಡು.”

ಎಲ್ಲರೂ ನಕ್ಕರು. ಬಾಬು ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ಬೆಕ್ಕನ್ನು ನಂಬಿದ್ದ. ಸಂಜೆ ಹಿತ್ತಲಲ್ಲಿ ಕೋಲು ಹಿಡಿದು ಹುಡುಕಿದ.

ರಾಜಾರಾಮ ಮಾತ್ರ ನಗಲಿಲ್ಲ. ಗ್ರಂಥಾಲಯದಲ್ಲಿ ಯಾವ ಪುಸ್ತಕಗಳು ಹೆಚ್ಚು ಹೋಗುತ್ತವೆಂದು ಕೇಳಿದ. ಬೇರೆ ಭಾಷೆಯಿಂದ ಬಂದ ಕಾದಂಬರಿಗಳು ಹೋಗುವುದೇ ಇಲ್ಲ, ಅವನ್ನೆಲ್ಲ ನಾನೊಬ್ಬಳೇ ಓದುವುದು ಎಂದೆ. “ಹಂಗಾದ್ರ ದಂಡದ ಭಯ ಇಲ್ಲ, ಎಷ್ಟು ದಿನಾ ಬೇಕಾದ್ರೂ ಇಟ್ಕೋಬಹುದು” ಎಂದ. ಹೊರಡುವಾಗ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನಗಷ್ಟೇ ಕೇಳುವ ಹಾಗೆ, “ತುರಟಿ ಹಚ್ರಿ. ಬೆಕ್ಕಿನ ಗಾಯಕ್ಕೂ ನಡೀತೇತಿ” ಎಂದ.

ತುರಟಿ ಗಂಡಸರು ದಾಡಿ ಮಾಡಿಕೊಂಡು ಹಚ್ಚಿಕೊಳ್ಳುವ ಕಲ್ಲು. ಅವನಿಗೆ ತಿಳಿಯಿತೋ, ಸುಮ್ಮನೆ ಚೇಷ್ಟೆಯೋ, ಚುಚ್ಚಿದನೋ, ಮೂರು ದಿನದಿಂದ ಅದನ್ನೇ ತಿರುವಿಹಾಕುತ್ತಿದ್ದೇನೆ. ಸಂಬಂಧ ಒಪ್ಪಿಗೆ ಎಂದು ಸುದ್ದಿ ಬಂದಿದೆ. ಆಗಸ್ಟ್ ನಾಲ್ಕಕ್ಕೆ ನಿಶ್ಚಯ. ಆ ಹುಡುಗ ನನಗೆ ಇಷ್ಟವಾದ. ಇಷ್ಟವಾಗದಿದ್ದರೆ ಹಗುರವಿರುತ್ತಿತ್ತು. ನೀವು ಒಂದು ಮಷೀನನ್ನು

*

ಕನಮಡಿ, 3 ಜುಲೈ 2024

ದಾದಾಸಾಬ ಅವರಿಗೆ,

ಮಷೀನನ್ನು ಮೂರನೆಯ ಸಲ ಕಳಿಸುತ್ತಿದ್ದೇನೆ.

ಇಪ್ಪತ್ತೆಂಟಕ್ಕೆ ಬರಬೇಕಿದ್ದದ್ದು ಒಂದನೇ ತಾರೀಖಿಗೆ ಬಂತು. ಬ್ಲೇಡು ಬಳಸಬೇಕಾಯಿತು, ಗಾಯವಾಯಿತು, ಬಂದವರೆದುರು ಸುಳ್ಳು ಹೇಳಬೇಕಾಯಿತು. ಅದು ಮುಗಿದ ಮಾತು.

ಮುಗಿಯದ್ದು ಸದ್ದು. ಇವತ್ತು ಬೆಳಿಗ್ಗೆ ಹಚ್ಚಿದಾಗ ಬೀದಿಯ ನಾಯಿ ಬೊಗಳಿತು. ನಿಮಗೆ ಕೇಳಲಿಲ್ಲವೆಂದರೆ ನೀವು ಅದನ್ನು ಹಚ್ಚಿಯೇ ನೋಡಿಲ್ಲ ಎಂದು ನನ್ನ ತಿಳಿವಳಿಕೆ. ಬರೆದು ಕೊಡಿ ಎನ್ನುತ್ತೀರಿ, ಬರೆದದ್ದನ್ನು ಓದುವುದಿಲ್ಲ. ಫೋನ್ ಎತ್ತುವುದಿಲ್ಲ. ಇದಕ್ಕಿಂತ ‘ನನಗೆ ಬರುವುದಿಲ್ಲ’ ಎಂದು ಒಂದು ಸಾಲು ಬರೆದರೆ ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ಆಮ್ರಪಾಲಿ

*

ವಿಜಯಪುರ, 9 ಜುಲೈ 2024

ಶ್ರೀ ಬಾಬು ಅವರಿಗೆ,
ಪಂಕ್ಚರ್ ಅಂಗಡಿ, ತಿಕೋಟಾ ಸ್ಟ್ಯಾಂಡು.

ನಾನು ದಾದಾಸಾಬ, ಸೊಲ್ಲಾಪುರ ರಸ್ತೆಯ ರಿಪೇರಿಯವನು. ನಿಮ್ಮ ದಾಡಿ ಮಷೀನು ನನ್ನ ಮೇಜಿನ ಮೇಲಿದೆ.

ನಿಮ್ಮ ತಂಗಿ ಒಂದು ತಿಂಗಳಲ್ಲಿ ಮೂರು ಕಾಗದ ಬರೆದಳು. ದಾಡಿ ನಿಮ್ಮದು. ಎಣ್ಣೆ ಹಾಕುವವಳು ಅವಳು, ತೊಳೆಯುವವಳು ಅವಳು, ಜೀಪಿನ ದಾರಿ ನೋಡುವವಳು ಅವಳು, ಸಿಟ್ಟಿನಲ್ಲಿ ನನ್ನನ್ನು ಬೈಯುವವಳೂ ಅವಳು. ಅವಳ ಮೊದಲ ಕಾಗದದ ಅಕ್ಷರ ದುಂಡಗಿದ್ದವು. ಮೂರನೆಯದರಲ್ಲಿ ಪೆನ್ನು ಕಾಗದ ಹರಿದಿದೆ. ನೀವು ಮನೆಯಲ್ಲಿ ಅವಳಿಗೆ ಏನು ಅನ್ನುತ್ತೀರೋ ನನಗೆ ಗೊತ್ತಿಲ್ಲ. ಒಂದು ಮಷೀನಿನ ಸಲುವಾಗಿ ಹೆಣ್ಣುಮಗಳನ್ನು ಇಷ್ಟು ಹೆದರಿಸಬಾರದು.

ನೀವೇ ಬನ್ನಿ. ನನ್ನೆದುರು ನಿಂತು ನಿಮ್ಮ ಗದ್ದದ ಮೇಲೆ ಹಚ್ಚಿ ತೋರಿಸಿ. ಅಲ್ಲಿಯವರೆಗೆ ಮಷೀನು ಕೊಡುವುದಿಲ್ಲ. ಮೇಲೆ ನಿಮ್ಮ ಹೆಸರು ಬರೆದಿದ್ದೇನೆ. ಈ ಕಾಗದವನ್ನು ನಿಮ್ಮ ಕೈಗೇ ಕೊಡಬೇಕೆಂದು ಅಮೋಘಿಗೆ ಹೇಳಿದ್ದೇನೆ.

ದಾದಾಸಾಬ

*

ಕನಮಡಿ, 12 ಜುಲೈ 2024

ದಾದಾಸಾಬ ಅವರಿಗೆ,

ನೀವು ಅಣ್ಣನಿಗೆ ಬರೆದ ಕಾಗದ ಅವನಿಗೆ ತಲುಪಿತು. ನಿಮ್ಮ ಉದ್ದೇಶ ಒಳ್ಳೆಯದಿತ್ತು ಎಂದು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆಯಲು ಮನಸ್ಸಾಗಲಿಕ್ಕಿಲ್ಲ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಕಾಗದ ಹಿಡಿದು ಮನೆಗೆ ಬಂದ. ತಲೆನೋವೆಂದು ನಾನೂ ರಜೆ ಹಾಕಿ ಮನೆಯಲ್ಲೇ ಇದ್ದೆ. ನೀವು ಬಾಬುವನ್ನು ನೋಡಿಲ್ಲ. ಅವನ ಗಡ್ಡ ಎದೆಯ ಮೇಲಿನ ಗುಂಡಿಯವರೆಗೆ ಇದೆ.

“ಯವ್ವಾ, ನಾ ದಾಡಿ ಮಾಡೋದು ಬಿಟ್ಟು ಮೂರು ವರ್ಷ ಆತು. ಈ ಮುದುಕ ಯಾರವ, ನನ್ನ ಗದ್ದ ತಂದು ತೋರಸು ಅಂತಾನ? ಅಂಗಡ್ಯಾಗ ಎಲ್ಲಾರ ಮುಂದ ಅಮೋಘಿ ಓದಿ ಹೇಳ್ಯಾನ. ನಾ ತಂಗೀನ ಹೊಡೀತೀನಂತ!”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು, “ಮಷೀನು ನಂದು” ಎಂದೆ.

“ನಿಂದು? ನಿನಗ್ಯಾಕ?”

ಹೇಳಿದೆ. ಹೇಳುವುದಕ್ಕೆ ಹಿಡಿದದ್ದು ಒಂದೇ ವಾಕ್ಯ. ಹದಿನಾಲ್ಕು ತಿಂಗಳು ಅದನ್ನು ಹೇಳದೇ ಇದ್ದೆ. ಬಾಬು ತನ್ನ ಗಡ್ಡವನ್ನು ಒಮ್ಮೆ ಹಿಡಿದುಕೊಂಡ, ಬಿಟ್ಟ. ಬ್ಲೇಡಿನ ಗಾಯಕ್ಕೆ ಬೆಕ್ಕು ಪರಚಿತೆಂದು ಎಲ್ಲರಿಗೂ ಹೇಳಿದ್ದೆವು, ಅವನು ಕೇಳಿದ್ದು ಅದೊಂದೇ:

“ಹಂಗಾದ್ರ ಆ ಬೆಕ್ಕು?”

“ಬೆಕ್ಕಿಲ್ಲ.”

“ನಾ ಎರಡು ದಿನಾ ಹುಡುಕೀನಲ್ಲಲೇ!”

ಅವ್ವ ನಕ್ಕಳು. ನನಗೆ ಆಗಲಿಲ್ಲ. ಆಮೇಲೆ ಇಬ್ಬರೂ ಒಂದಾಗಿ ನನಗೆ ಬುದ್ಧಿ ಹೇಳಿದರು. “ನಿಶ್ಚಯ ಆಗಲಿ, ಮದುವಿ ಆಗಲಿ, ಆಮ್ಯಾಲೆ ಹೇಳು. ಅವಾಗ ಏನ್ ಮಾಡ್ತಾನ?” ಇದು ಬಾಬು. “ಹೇಳೂದ ಬ್ಯಾಡ. ಒಂದು ಕೂಸು ಆತಂದ್ರ ಯಾರೂ ಗದ್ದ ನೋಡಂಗಿಲ್ಲ.” ಇದು ಅವ್ವ. ನಿಮಗೆ ತಿಳಿಯಲೆಂದು ಬರೆಯುತ್ತೇನೆ: ಮೂವತ್ತಕ್ಕೆ ಬಂದವರು ನನ್ನನ್ನು ನೋಡಲು ಬಂದವರು. ಗಾಯವಾದದ್ದು ನನ್ನ ಗದ್ದಕ್ಕೆ. ಅರಿಷಿಣ ನನ್ನದು, ಹಚ್ಚಿಕೊಂಡರೆ ಕೂದಲು ಕಡಿಮೆಯಾಗುತ್ತದೆಂದು ಎಲ್ಲೋ ಓದಿದ್ದೆ, ಆಗುವುದಿಲ್ಲ. ಆಗಸ್ಟ್ ನಾಲ್ಕಕ್ಕೆ ಬಬಲೇಶ್ವರದ ರಾಜಾರಾಮ ಎಂಬುವರ ಜೊತೆ ನನ್ನ ನಿಶ್ಚಯ. ಅವರ ಮನೆಯಲ್ಲಿ ಎರಡು ಕೋಣೆ, ಬಚ್ಚಲು ಅಂಗಳದಲ್ಲಿ ಎಂದು ಕೇಳಿದ್ದೇನೆ. ಅದಕ್ಕಾಗಿಯೇ ನಾನು ಮೂರು ಸಲವೂ ಸದ್ದು, ಸದ್ದು ಎಂದು ಬರೆದದ್ದು. ನನಗೆ ಗಡ್ಡಕ್ಕಿಂತ ಸದ್ದಿನ ಭಯ ಹೆಚ್ಚು. ಅಷ್ಟು ಸರಳವಾದ ದೂರು ನಿಮಗೆ ಯಾಕೆ ಕೇಳಲಿಲ್ಲ ಎಂಬುದನ್ನು ಈಗಲಾದರೂ ಬರೆಯಿರಿ.

ಆಮ್ರಪಾಲಿ

*

ವಿಜಯಪುರ, 16 ಜುಲೈ 2024

ತಂಗಿ ಆಮ್ರಪಾಲಿಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ.

ಗಿರಣಿಯಲ್ಲಿ ಗಾಣದ ಬದಿಗೆ ಹದಿನೆಂಟು ವರ್ಷ ನಿಂತೆ. ಬಲಗಿವಿ ಅಲ್ಲೇ ಹೋಯಿತು. ಎಡಗಿವಿ ಆರು ವರ್ಷದ ಹಿಂದೆ. ಮೋಟಾರಿನ ರೋಗವನ್ನು ಸದ್ದಿನಿಂದ ಹಿಡಿಯಬೇಕು. ಕಿವುಡ ಎಂದು ಗೊತ್ತಾದರೆ ಯಾರು ಮೋಟಾರು ಕೊಡುತ್ತಾರೆ? ಅದಕ್ಕೇ ಹೊರಗೆ ಹಲಗೆ ತೂಗಿಹಾಕಿದೆ. ಮಷೀನನ್ನು ದವಡೆಗೆ ಒತ್ತಿ ಹಿಡಿಯುತ್ತೇನೆ. ನಡುಕ ಎಲುಬಿಗೆ ತಾಗುತ್ತದೆ, ಅದರಿಂದ ಅಂದಾಜು ಮಾಡುತ್ತೇನೆ. ಮಿಕ್ಸರು, ಇಸ್ತ್ರಿ, ಫ್ಯಾನು, ಯಾವುದೂ ತಪ್ಪಿಲ್ಲ. ಬರಿಯ ಸದ್ದಿನ ದೂರು ಬರೆದವಳು ನೀನೊಬ್ಬಳೇ. ಓದಿದೆ. ‘ಸದ್ದು ಇಲ್ಲ’ ಎಂದು ಬರೆದೆ. ನನ್ನ ಮಟ್ಟಿಗೆ ಅದು ಸುಳ್ಳಲ್ಲ.

ನಿನ್ನ ಕಾಗದ ಬಂದ ಮೇಲೆ ಮಷೀನು ಹಿಡಿದು ಚಮನಸಾಬನ ಗಾದಿ ಅಂಗಡಿಗೆ ಹೋದೆ. ಹಚ್ಚಿ, ಅವನ ಮುಖ ನೋಡಿದೆ. ಅವನು ಎರಡೂ ಕಿವಿ ಮುಚ್ಚಿದ. ತುಟಿ ಓದಿದೆ: “ಲೇ ದಾದಾ, ಇದು ಹಿಟ್ಟಿನ ಗಿರಣಿ ಐತೋ ಏನೋ! ಮೂರು ಸಲ ಹಚ್ಚೀದಿ, ಮೂರು ಸಲಾನೂ ನಾ ಒದರೀನಿ. ನೀ ಹಲ್ಲು ಕಿಸ್ದು ಸುಮ್ಮನಾದಿ.” ಅವನು ಚೇಷ್ಟೆ ಮಾಡುತ್ತಾನೆ ಎಂದುಕೊಂಡಿದ್ದೆ. ಅವನಿಗೆ ಎಲ್ಲ ಹೇಳಿದೆ. “ಅಷ್ಟ? ನಾ ನಿನ್ನ ಸೊಕ್ಕು ಅಂತ ತಿಳ್ಕೊಂಡಿದ್ದೆ” ಎಂದ.

ಮೋಟಾರು ಕೂಡುವ ಗೂಡಿನ ಒಂದು ಕಾಲು ಕೂದಲೆಳೆಯಷ್ಟು ಸೀಳಿತ್ತು. ಒತ್ತಿದರೆ ಮೋಟಾರು ಸರಿದು ಬಡಿಯುತ್ತದೆ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಸುತ್ತಿದೆ, ಕಾಲಿಗೆ ಅಂಟು ಹಾಕಿದೆ, ಎರಡು ದಿನ ಬಿಟ್ಟು ಹಚ್ಚಿದೆ. ಚಮನಸಾಬ ಕಿವಿಗೆ ಹಿಡಿದು, “ಚಾಲೂ ಐತೇನು?” ಎಂದು ಕೇಳಿದ. ಇನ್ನು ಅತ್ತೆಯ ಮನೆಯಲ್ಲಿ ಗೋಡೆಯ ಆಚೆಗೂ ತಿಳಿಯುವುದಿಲ್ಲ. ನೀನು ಬಾಯಿ ಬಿಡದಿದ್ದರೆ ಮುದುಕಿಯಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಮೊದಲೇ ನಿನ್ನದು ಎಂದು ಗೊತ್ತಿದ್ದರೆ ಹೇಳಬೇಕಾದ್ದನ್ನು ಈಗ ಹೇಳುತ್ತೇನೆ. ಗಂಡಸಿನ ಹಾಗೆ ಒತ್ತಬೇಡ, ನಿನ್ನ ಚರ್ಮ ತೆಳು. ಒಂದು ಕೈಯಿಂದ ಚರ್ಮ ಎಳೆದು ಹಿಡಿ, ಮಷೀನು ತಾನೇ ಹೋಗಲಿ. ಎರಡು ದಿನದ ಕೂದಲಿದ್ದರೆ ಮೊದಲು ಮಷೀನಿನ ಬೆನ್ನಿಗಿರುವ ಸಣ್ಣ ಕತ್ತರಿ ತೆರೆದು ಕೂದಲು ಗಿಡ್ಡ ಮಾಡು, ಆಮೇಲೆ ಜಾಳಿ. ಒಣ ಮುಖಕ್ಕೆ ಮಾತ್ರ. ಜಾಳಿ ವರ್ಷಕ್ಕೊಮ್ಮೆ ಬದಲಿಸಬೇಕು, ಹೊಸದು ಹಾಕಿದ್ದೇನೆ.

ಇನ್ನೊಂದು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಆರು ವರ್ಷ ನಾನು ಮುಚ್ಚಿಟ್ಟೆ. ನಡೆಯಿತು. ಹಿಂದಿನಿಂದ ಕರೆದವರಿಗೆ ಉತ್ತರ ಕೊಡಲಿಲ್ಲ, ಸಿಟ್ಟಿನವ ಎಂದರು. ಮೊಮ್ಮಗಳು ಫೋನಿನಲ್ಲಿ ಅಜ್ಜಾ ಅಂದಳಂತೆ, ನಾನು ಎತ್ತಲಿಲ್ಲ, ಕಲ್ಲು ಮನಸ್ಸಿನವ ಎಂದರು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸಿಟ್ಟಿನವ ಅನ್ನಿಸಿಕೊಳ್ಳುವುದು ಸೋವಿ, ಖರ್ಚು ಕಡಿಮೆ ಎಂದು ತಿಳಿದಿದ್ದೆ. ನೀನು ಓದಿದವಳು. ಸೋವಿಯೋ ಅಲ್ಲವೋ ನೋಡಿಕೋ.

ಬಾಬು ಅವರಿಗೆ ನನ್ನ ತಪ್ಪಾಯಿತು ಎಂದು ಹೇಳು. ಮಷೀನು ತಯಾರಿದೆ. ಗ್ರಂಥಾಲಯಕ್ಕೆ ಕಳಿಸಲೋ, ಮನೆಗೋ?

ದಾದಾಸಾಬ

*

ತಿಕೋಟಾ, 22 ಜುಲೈ 2024, ಸೋಮವಾರ

ದಾದಾಸಾಬ ಕಾಕಾ ಅವರಿಗೆ,

ಅಣ್ಣನಿಗೆ ನಿಮ್ಮ ಮಾತು ತಿಳಿಸಿದೆ. “ತಪ್ಪು ಅವಂದಲ್ಲ ಬಿಡು. ನನ್ನ ಹೆಸರು ಬರೆದಾಕಿ ನೀನ” ಎಂದ. ಅದು ನಿಜ. ‘ನಿಮಗೆ ಕೇಳಲಿಲ್ಲವೆಂದರೆ ಹಚ್ಚಿಯೇ ನೋಡಿಲ್ಲ’ ಎಂದು ನಾನು ಬರೆದ ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಕ್ಷಮಿಸಿ.

ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಎಂದು ಬರೆಯಬೇಕಿತ್ತು. ಪೂರ್ತಿ ಇಳಿದಿಲ್ಲ. ಇಬ್ಬರೂ ಒಂದೊಂದು ಸಾಲು ಬರೆದಿದ್ದರೆ ಜೂನ್ ಹದಿನಾಲ್ಕಕ್ಕೇ ಮುಗಿಯುತ್ತಿದ್ದ ಕೆಲಸ. ನನ್ನ ಮೇಲೆ ಇರುವ ಸಿಟ್ಟೂ ಅಷ್ಟೇ.

ಸದ್ದು ಹೋಗಿದೆ ಎಂದು ಓದಿದಾಗ ಮೊದಲು ಸಂತೋಷವಾಯಿತು. ಆ ಸಂಜೆಯೆಲ್ಲ ಲೆಕ್ಕ ಹಾಕಿದೆ. ಅಂಗಳದ ಬಚ್ಚಲು, ಬೆಳಿಗ್ಗೆ ಐದೂವರೆ, ನಾಲ್ಕು ನಿಮಿಷ. ಚಾರ್ಜಿಗೆ ಹಚ್ಚುವುದು ಎಲ್ಲಿ? ಈಗ ಗ್ರಂಥಾಲಯದ ಕಪಾಟಿನ ಹಿಂದಿನ ಪ್ಲಗ್ಗಿಗೆ ಹಚ್ಚುತ್ತೇನೆ. ಕನಮಡಿಯ ಕೆಲಸ ಮುಂದುವರಿದರೆ ಅಲ್ಲೇ ಹಚ್ಚಬಹುದು. ನೆಂಟರು ಬಂದು ಉಳಿದ ದಿನ? ಜ್ವರ ಬಂದು ಮಲಗಿದ ದಿನ? ಹೆರಿಗೆಯ ಹಾಸಿಗೆಯಲ್ಲಿ? ಪ್ರತಿಯೊಂದಕ್ಕೂ ಒಂದು ಉಪಾಯ ಹೊಳೆಯಿತು. ಎಲ್ಲಕ್ಕೂ ಉಪಾಯ ಹೊಳೆದದ್ದಕ್ಕೇ ನನಗೆ ಹೆದರಿಕೆಯಾಯಿತು. ಇಷ್ಟು ಚೆನ್ನಾಗಿ ಮುಚ್ಚಿಡಬಲ್ಲವಳ ಜೊತೆ ಆ ಮನುಷ್ಯ ಬಾಳಬೇಕು, ಮತ್ತು ನಾನೂ ಅವಳ ಜೊತೆಗೇ ಬಾಳಬೇಕು.

ಆದ್ದರಿಂದ ಮಷೀನನ್ನು ಗ್ರಂಥಾಲಯಕ್ಕೂ ಕಳಿಸಬೇಡಿ, ಮನೆಗೂ ಬೇಡ. ನಿಮ್ಮಲ್ಲೇ ಇರಲಿ. ಕೈಗೆ ಸಿಕ್ಕರೆ ನಾನು ಹಚ್ಚಿಕೊಂಡುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಮೂರು ವಾರದಿಂದ ಬ್ಲೇಡಿನ ಮೇಲೆ ಇದ್ದೆ. ನಿನ್ನೆಯಿಂದ ಅದನ್ನೂ ಮುಟ್ಟಿಲ್ಲ. ಅವ್ವ ಬೆಳಿಗ್ಗೆ ಚಹಾ ಕೊಡುವಾಗ ನನ್ನ ಗದ್ದ ನೋಡಿ, “ಏನ್ ಬೇ, ಮರತೀ?” ಎಂದಳು. “ಇಲ್ಲ” ಎಂದೆ. ಅವಳು ಲೋಟ ಕೆಳಗಿಟ್ಟು, ಇವತ್ತು ಇನ್ನೂ ಅಂಗಡಿಗೆ ಹೋಗಿರದ ಬಾಬುವನ್ನು ಕೂಗಿದಳು. ಅವನು ಬಂದು ನೋಡಿ, “ನಿಶ್ಚಯ ಮುರೀತಂದ್ರ ನನ್ನ ಕೇಳಬ್ಯಾಡ” ಎಂದು ಹೊರಟುಹೋದ. ಒಂದು ತಾಸಿನ ಮೇಲೆ ತಿರುಗಿ ಬಂದು, ಬಬಲೇಶ್ವರದ ಬಸ್ಸು ಎಷ್ಟಕ್ಕಿದೆ ಎಂದು ಗೊತ್ತೇನು ಎಂದು ಕೇಳಿದ.

ರವಿವಾರ, ಇಪ್ಪತ್ತೆಂಟಕ್ಕೆ, ರಾಜಾರಾಮರಿಗೆ ರಜೆ. ಅವರ ಮನೆಗೆ ಹೋಗುತ್ತೇನೆ. ಮಾಸ್ಕ್ ಹಾಕುವುದಿಲ್ಲ, ಸೆರಗು ಎಳೆದುಕೊಳ್ಳುವುದಿಲ್ಲ. ಬಾಯಿಂದ ಹೇಳಲು ನನಗೆ ಆಗದಿದ್ದರೂ ಅವರು ನೋಡಿ ತಿಳಿಯುವಷ್ಟು ಇರುತ್ತದೆ. ಅವರ ಅತ್ತೆ ಹುಲಿಗೆವ್ವನೂ ನೋಡಲಿ. ಬೇಡ ಎನ್ನುವುದಿದ್ದರೆ ನಿಶ್ಚಯಕ್ಕೆ ಮೊದಲೇ ಎನ್ನಲಿ.

ಬರುತ್ತೇನೆಂದು ಅವರಿಗೆ ಫೋನ್ ಮಾಡಬೇಕು. ನಂಬರು ಎದುರಿಗಿದೆ. ಇನ್ನೂ ಮಾಡಿಲ್ಲ.

ಇವತ್ತು ಸೋಮವಾರ. ಇನ್ನೂ ಆರು ದಿನ ಬೆಳೆಯುತ್ತದೆ.

ಆಮ್ರಪಾಲಿ